ಗದ್ವಾಲದ ಫಿಲ್ಮಿನ ಬಿಳಿ ಮಚ್ಚೆ

ದಿನಕ್ಕೊಮ್ಮೆ ನನ್ನ ಜೊತೆ ಜಗಳವಾಡದಿದ್ದರೆ ಉಂಡದ್ದು ಅರಗುತ್ತಿರಲಿಲ್ಲವಲ್ಲ, ಆ ನಮ್ಮ ಅತ್ತೆಯವರಿಗೆ ಸೊಸೆ ಈರಮ್ಮನ ಶರಣು.

ನಿಮಗೆ ಓದು ಬರುತ್ತಿರಲಿಲ್ಲ, ಗೊತ್ತು. ನಿಜಾಮನ ಕಾಲದಲ್ಲಿ ಹುಟ್ಟಿದವಳು, ಉರ್ದು ಶಾಲೆಯ ಹೊರಗೋಡೆಯನ್ನಷ್ಟೇ ನೋಡಿದ್ದೇನೆ ಅನ್ನುತ್ತಿದ್ದಿರಿ. ಮಾವನವರು ಅಲ್ಲಿ ನಿಮ್ಮ ಪಕ್ಕದಲ್ಲೇ ಇದ್ದರೆ ಅವರ ಕೈಲಿ ಓದಿಸಿ ಕೇಳಿ. ನಡುವೆ ಅವರು ಕೆಮ್ಮಿದರೆ ಬೈಯಬೇಡಿ. ಇದರಲ್ಲಿ ನಿಮಗೆ ಗೊತ್ತಿರುವುದು ಅರ್ಧ, ಗೊತ್ತಿಲ್ಲದ್ದು ಅರ್ಧ. ಆ ಎರಡನೆಯ ಅರ್ಧ ಹೇಳದೆ ನನಗೆ ಈಚೆಗೆ ಉಂಡ ಅನ್ನ ಒಳಗಿಳಿಯುತ್ತಿಲ್ಲ.

ನಾಳೆ ನಿಮ್ಮ ಸ್ಮರಣೆ, ನಾಲ್ಕನೆಯದು. ಗದ್ವಾಲದಿಂದ ನಿಮ್ಮ ಮಗಳು ಶಾಂತಕ್ಕ ಬರುತ್ತಾಳೆ. ಗದ್ವಾಲ ಜಿಲ್ಲೆಯಾದ ಮೇಲೆ ಅವಳ ಗತ್ತು ನೀವು ನೋಡಬೇಕಿತ್ತು. ಮಕ್ತಲದಿಂದ ನಮ್ಮ ಅಣ್ಣ ಬರುತ್ತಾನೆ. ಊಟವಾದ ಮೇಲೆ ಯಾರಾದರೊಬ್ಬರು ಪಾರುವನ್ನು ಹತ್ತಿರ ಕರೆದು, ಅಂಗಿ ಸ್ವಲ್ಪ ಎತ್ತಿ, ಎಡಪಕ್ಕೆಯ ಮೂರು ಗುರುತು ನೋಡಿ ಲೊಚಗುಟ್ಟುತ್ತಾರೆ. ಆಗ ನಿಮ್ಮ ಮಗ ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಕಥೆ ಶುರು ಮಾಡುತ್ತಾರೆ. ಅವ್ವನ ಹುಚ್ಚು ಭಕ್ತಿ, ಅವ್ವ ಮುಚ್ಚಿಟ್ಟ ಲಿಂಗ, ಅದರಿಂದ ಕೂಸು ಸಾಯುವ ಹಾಗಾಗಿದ್ದು. ಎಲ್ಲರೂ ನಿಮ್ಮ ಫೋಟೋ ಕಡೆ ನೋಡಿ ತಲೆ ಆಡಿಸುತ್ತಾರೆ. ಮೂರು ವರ್ಷ ನಾನು ಹೋಳಿಗೆಯ ತಟ್ಟೆ ಹಿಡಿದು ಅದನ್ನು ಕೇಳುತ್ತ ನಿಂತಿದ್ದೇನೆ. ಒಂದು ಮಾತೂ ಆಡಿಲ್ಲ.

ಆಡಬೇಕಾಗಿತ್ತು. ಯಾಕೆಂದರೆ…

ಇರಲಿ, ಮೊದಲಿಂದ ಬರುತ್ತೇನೆ. ಪಾರುವಿಗೆ ಆಗ ಐದಾರು ತಿಂಗಳಿರಬೇಕು. ಆರು ವರ್ಷ ಕಾದು, ಹರಕೆಯ ಮೇಲೆ ಹರಕೆ ಹೊತ್ತು ಹುಟ್ಟಿದ ಕೂಸು. ಅದಕ್ಕೆ ನೀರು ಹಾಕುವ ಅಧಿಕಾರವನ್ನು ನೀವು ಯಾರಿಗೂ ಬಿಟ್ಟುಕೊಡಲಿಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಅವಳನ್ನು ಬೋರಲು ಹಾಕಿ, ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಿರಿ. ಒಂದು ದಿನ ನಿಮ್ಮ ಕೈ ನಿಂತುಬಿಟ್ಟಿತು.

“ಏ ಈರಿ, ಬಾ ಇಲ್ಲಿ. ಕೈ ಇಟ್ಟು ನೋಡು. ಬಲಕ್ಕ ಉಸುರು ಅಂಗೈಗೆ ಬಡೀತೈತಿ. ಎಡಕ್ಕ, ಇಲ್ಲಿ ಕೆಳಗ… ಏನೂ ಹತ್ತವಲ್ದು.”

“ಕಂಡಿಕಿಗೆ ನೂಲು ಸುತ್ತಿ ಸುತ್ತಿ ನಿಮ್ಮ ಅಂಗೈ ಕಲ್ಲ ಆಗೈತ್ರಿ ಅತ್ತಿ. ಕಲ್ಲಿಗೆ ಏನ್ ಹತ್ತತೈತಿ?” ಅಂದೆ ನಾನು.

ಕೈ ಇಟ್ಟು ನೋಡಲೇ ಇಲ್ಲ. ನೆಲದಲ್ಲಿ ತೋಡಿದ ಮಗ್ಗದ ಕುಣಿಗೆ ಇಳಿದು ಲಾಳಿ ಹಿಡಿದೆ. ಬಚ್ಚಲಿಂದ ನೀವು ಏನೋ ಗೊಣಗುವುದು ಕೇಳಿಸುತ್ತಲೇ ಇತ್ತು. ಅಂದು ಎದ್ದು ಬಂದು ಒಂದು ಕ್ಷಣ ಕೈ ಇಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಲಿಂಗದ ವಿಷಯಕ್ಕೆ ನಮ್ಮಿಬ್ಬರ ಜಗಳ ಈ ಓಣಿಯ ನೇಕಾರರಿಗೆಲ್ಲ ಗೊತ್ತು. ಪಾರು ಹುಟ್ಟಿದ ಕೂಡಲೇ ಅಯ್ಯನವರನ್ನು ಕರೆಸಿ ಅವಳಿಗೆ ಲಿಂಗ ಕಟ್ಟಿಸಿದಿರಿ. ಪುಟ್ಟ ಬೆಳ್ಳಿ ಕರಡಿಗೆಯೊಳಗೆ ಕಪ್ಪು ಲಿಂಗ, ಬಿಳಿ ಶಿವದಾರ. ನನ್ನದು ಮಾತ್ರ ಕನ್ನಡಿಯ ಪಕ್ಕದ ಮೊಳೆಗೆ ತೂಗುತ್ತಿತ್ತು. ಮಗ್ಗದ ಮೇಲೆ ಬಾಗಿದರೆ ದಾರ ನೂಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ನಾನು ತೆಗೆದಿಟ್ಟಿದ್ದೆ. ಅದನ್ನು ಕಂಡ ದಿನ ನೀವು ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ. “ಅಂಗದ ಮ್ಯಾಲಿಂದ ಲಿಂಗ ಇಳೀತಂದ್ರ ಜೀವ ಇಳದಂಗ,” ಅಂದಿರಿ. ಹಾಗಾದರೆ ನಾನು ಸತ್ತು ಎಷ್ಟು ವರ್ಷವಾಯಿತು ಎಂದು ನಾನು ಕೇಳಿದೆ. ಎರಡು ದಿನ ಮನೆಯಲ್ಲಿ ಮಗ್ಗದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಪಾರು ಮೂರು ವರ್ಷದವಳಾದಾಗ, ಶಾಂತಕ್ಕನ ಮೊಮ್ಮಗನ ಹೆಸರಿಡುವ ಕಾರ್ಯಕ್ಕೆಂದು ಅವಳನ್ನು ಕರೆದುಕೊಂಡು ಗದ್ವಾಲಕ್ಕೆ ಹೋದಿರಿ. ತೆಲಂಗಾಣ ಬೇಕು ಎಂದು ಊರೂರೇ ಎದ್ದು ನಿಂತ ಕಾಲ ಅದು. ನೀವು ಹೋದ ಮೂರನೇ ದಿನಕ್ಕೆ ಬಸ್ಸು ನಿಂತವು. ಮಕ್ತಲದ ರಸ್ತೆಯಲ್ಲಿ ಟೈರು ಸುಡುತ್ತಿದ್ದಾರೆ, ಹೊಳೆ ದಾಟಲು ಬಿಡುತ್ತಿಲ್ಲ ಎಂಬ ಸುದ್ದಿ. ಆ ದಿನವೇ ಪಾರುವಿಗೆ ಜ್ವರ ಏರಿತು. ಅದಕ್ಕೂ ಮೊದಲು ಎಷ್ಟು ಸಲ ಬಂದು ಹೋಗಿತ್ತು ಆ ಜ್ವರ, ಆ ಕೆಮ್ಮು! ತಿಂಗಳೊಪ್ಪತ್ತಿಗೆ ಬರುವ ನೆಂಟರು ಎಂದು ನಾವೇ ನಗುತ್ತಿದ್ದೆವು. ಈ ಸಲ ಅವಳ ಪಕ್ಕೆ ಒಳಕ್ಕೆ ಸೆಳೆಯುತ್ತಿದೆ ಎಂದು ಶಾಂತಕ್ಕ ಫೋನು ಮಾಡಿದಳು. ನಾನು ಇಲ್ಲಿ ನಾರಾಯಣಪೇಟೆಯಲ್ಲಿ, ಫೋನು ಹಿಡಿದುಕೊಂಡು, ಬಾಗಿಲಿಗೂ ಮಗ್ಗಕ್ಕೂ ತಿರುಗುತ್ತಿದ್ದೆ.

ನೀವಿಬ್ಬರೂ ಅವಳನ್ನು ಒಂದು ಖಾಸಗಿ ದವಾಖಾನೆಗೆ ಎತ್ತಿಕೊಂಡು ಹೋದಿರಿ. ಎದೆಯ ಎಕ್ಸರೇ ತೆಗೆಯಬೇಕು ಅಂದರು. ತೆಗೆಯುವವನು ನಿಮಗೆ ಏನು ಹೇಳಿದನೋ, ನೀವು ಏನು ಕೇಳಿಸಿಕೊಂಡಿರೋ. ಸಂಜೆಯ ಹೊತ್ತಿಗೆ ಶಾಂತಕ್ಕ ಅಳುತ್ತ ಮತ್ತೆ ಫೋನು ಮಾಡಿದಳು. ಕೂಸಿನ ಎದೆಯೊಳಗೆ, ಎಡಗಡೆ ಕೆಳಗೆ, ದುಂಡಗೆ ಬಿಳಿ ಗಡ್ಡೆ ಕಾಣುತ್ತಿದೆಯಂತೆ. ಇಲ್ಲಿ ಆಗುವ ಕೆಲಸವಲ್ಲ, ಹೈದರಾಬಾದಿಗೆ ಒಯ್ಯಿರಿ ಎಂದರಂತೆ.

ರಸ್ತೆ ಬಿಡುವ ತನಕ ಹೋದ ಆ ದಿನಗಳು ನನಗೆ ಇವತ್ತಿಗೂ ಬೇಡ. ಇಂಜೆಕ್ಷನ್‌ಗೆ ಜ್ವರ ಇಳಿಯಿತು, ನಿಮ್ಮ ಮಗ ಯಾರದೋ ಗಾಡಿಯ ಮೇಲೆ ಹೋಗಿ ನಿಮ್ಮನ್ನೂ ಕೂಸನ್ನೂ ಕರೆತಂದರು. ಆದರೆ ಆ ಎಕ್ಸರೇ ಫಿಲ್ಮು ಮನೆಯೊಳಗೆ ಬಂತಲ್ಲ! ಅದನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೆ. ಸಣ್ಣ ಸಣ್ಣ ಎಲುಬುಗಳ ನಡುವೆ ಒಂದು ಬಿಳಿ ಮಚ್ಚೆ, ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದು. ನೀವು ಮಾತ್ರ ಅದರ ಕಡೆ ನೋಡಲೇ ಇಲ್ಲ. ಗಡ್ಡೆ ಗಿಡ್ಡೆ ಏನೂ ಇಲ್ಲ, ಅವರಿಗೇನು ತಿಳಿಯುತ್ತದೆ ಎಂದು ಒಲೆಯ ಮುಂದೆ ಕೂತು ಅನ್ನುತ್ತಿದ್ದಿರಿ. ಕಲ್ಲೆದೆಯ ಹೆಂಗಸು ಎಂದು ಆಗ ನಿಮ್ಮನ್ನು ಮನಸ್ಸಿನೊಳಗೇ ಶಪಿಸಿದೆ. ತಪ್ಪಾಯಿತು.

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಮತ್ತೆ ಎಕ್ಸರೇ ಬರೆದರು. ಒಳಗೆ ಕರೆದವರು ಅಂಗಿ ಬನಿಯನ್ನು ಎಲ್ಲ ತೆಗೆಯಿರಿ ಅಂದರು. ನೀವು ಮುಂದೆ ಬರುವಷ್ಟರಲ್ಲಿ ನಾನೇ ಪಾರುವಿನ ಕೊರಳಿಂದ ಶಿವದಾರ ತೆಗೆದು ಲಿಂಗವನ್ನು ಮುಷ್ಟಿಯೊಳಗೆ ಹಿಡಿದೆ. ನೀವು ಗೋಡೆಯ ಕಡೆ ಮುಖ ತಿರುಗಿಸಿ ನಿಂತು ಮಂತ್ರ ಹೇಳತೊಡಗಿದಿರಿ. ಆಗಲೂ ನನಗೆ ಗೆದ್ದ ಹಾಗೆ ಅನಿಸಿತ್ತು ಅಂದರೆ ನೋಡಿ, ನಾನೆಂಥ ಸೊಸೆ.

ಹೊಸ ಫಿಲ್ಮು ಬಂದಾಗ ಅಲ್ಲಿನ ಒಬ್ಬ ಎಳೆಯ ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದು ಮೂರು ಸಲ ನೋಡಿದ. ಬಿಳಿ ಮಚ್ಚೆ ಇರಲಿಲ್ಲ. “ಇದಿ ಎಕ್ಕಡ ಪೋಯಿಂದಿ?” ಎಂದು ತನಗೆ ತಾನೇ ಕೇಳಿಕೊಂಡ, ಇದೆಲ್ಲಿ ಹೋಯಿತು ಎಂದು.

“ಎಲ್ಲಿಗೂ ಹೋಗಿಲ್ಲಪ್ಪ,” ಅಂದಿರಿ ನೀವು. “ಈಕಿ ಮುಟಿಗಿಯೊಳಗ ಐತಿ.”

ಎಲ್ಲರೂ ನನ್ನ ಮುಷ್ಟಿ ನೋಡಿದರು. ಆಮೇಲೆ ನೀವು ಬಾಯಿ ಬಿಟ್ಟಿರಿ. “ಗದ್ವಾಲದಾಗ ಆತ ಬೆಳ್ಳಿ ಬಂಗಾರ ತಗೀರಿ ಅಂದ. ಬೆಳ್ಳಿ ಕರಡಿಗಿ ತಗದು ಶಾಂತಿ ಕೈಯಾಗ ಕೊಟ್ಟೆ. ಲಿಂಗ ತಗೀರಿ ಅಂತ ಆತ ಅಂದಿಲ್ಲ. ಅರಿವ್ಯಾಗ ಸುತ್ತಿ ಬೆನ್ನಿಗೆ ಕಟ್ಟಿ ಮ್ಯಾಲ ಬನಿಯನ್ ಎಳದೆ. ಜಡ್ಡಾದ ಕೂಸಿನ ಮೈಮ್ಯಾಲಿಂದ ಲಿಂಗ ಹೆಂಗ ಇಳಸಲಿ? ಅವರ ಮಿಷಿನ್ನು ಲಿಂಗ ನೋಡಿ ಗಡ್ಡಿ ಅಂದ್ರ ಅದಕ್ಕ ನಾ ಏನ್ ಮಾಡ್ಲಿ?”

ಮೊದಲು ನಕ್ಕವನು ಡಾಕ್ಟರೇ. ಆಮೇಲೆ ನಿಮ್ಮ ಮಗ. ನಾನಂತೂ ನಕ್ಕು ನಕ್ಕು ನೆಲಕ್ಕೆ ಕೂತೆ, ಅಳು ಬಂದು ಹೋಯಿತು. ನಗುವುದು ಮುಗಿಸಿ ಡಾಕ್ಟರು ಮತ್ತೆ ಹೊಸ ಫಿಲ್ಮು ನೋಡಿ, ಗುಂಡಿಗೆಯ ಹಿಂದೆ ಸ್ವಲ್ಪ ಮಸುಕಾಗಿದೆ, ಜ್ವರದ್ದೇ ಇರಬಹುದು, ಆರು ವಾರ ಬಿಟ್ಟು ಬಂದು ಸ್ಕ್ಯಾನ್ ಮಾಡಿಸಿ ಎಂದ. ಒಂದು ಕಾಗದದ ಮೇಲೆ ಬರೆದೂ ಕೊಟ್ಟ. ಅತ್ತಿ, ಅವನು ಅದನ್ನು ಹೇಳುವಾಗ ನೀವು ಹೊರಗೆ ಪಾರುವಿಗೆ ಲಿಂಗ ಕಟ್ಟುತ್ತ ಕೂತಿದ್ದಿರಿ. ನಿಮಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ಇದೇ ನೋಡಿ ನಿಮಗೆ ಗೊತ್ತಿಲ್ಲದ ಅರ್ಧ.

ಕಾಗದವನ್ನು ಫಿಲ್ಮಿನ ಕವರಿನೊಳಗೆ ಹಾಕಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ ನಿಮ್ಮ ಕಥೆ ಹೇಳಿದೆ. ಮಕ್ತಲದಲ್ಲಿ ಇಳಿದು ಅಣ್ಣನ ಮನೆಯಲ್ಲಿ ಹೇಳಿದೆ. ಇಲ್ಲಿಗೆ ಬಂದು ಓಣಿಯ ಹೆಂಗಸರಿಗೆಲ್ಲ ಬೆಲ್ಲ ಹಂಚಿದ ಹಾಗೆ ಹಂಚಿದೆ. ಹನ್ನೊಂದು ವರ್ಷದ ಜಗಳದಲ್ಲಿ ಅಷ್ಟು ಚೆನ್ನಾಗಿ ಗೆದ್ದದ್ದು ಅದೊಂದೇ ಸಲ. ನೀವು ಮುಖ ಸಣ್ಣದು ಮಾಡಿಕೊಂಡು ರಾಟಿಯ ಮುಂದೆ ಕೂತಿರುತ್ತಿದ್ದಿರಿ. ಆರು ವಾರ ಹೋಯಿತು, ಆರು ತಿಂಗಳು ಹೋಯಿತು. ಮಚ್ಚೆಯೇ ಸುಳ್ಳಾದ ಮೇಲೆ ಮಸುಕು ಯಾವ ಲೆಕ್ಕ? ಕವರು ಟ್ರಂಕಿನ ತಳ ಸೇರಿತು.

ಜ್ವರ ಬರುವುದು ಮಾತ್ರ ನಿಲ್ಲಲಿಲ್ಲ. ನಾಲ್ಕು ತುಂಬುವಾಗ ಪಾರು ಓಡಿ ಬಂದರೆ ಕಂಬ ಹಿಡಿದು ನಿಲ್ಲುತ್ತಿದ್ದಳು. ಒಂದು ಮುಂಜಾನೆ ಅವಳು ಹೊದೆಯುವ ದುಪಟಿಯ ಮೇಲೆ ಕೆಂಪು ಚುಕ್ಕೆಗಳಿದ್ದವು. ನೆನಪಿದೆಯಾ? ನೀವು ತೋರಿಸಿದಿರಿ. ನಮ್ಮ ಮನೆಯಲ್ಲಿ ಕೆಂಪಿಗೇನು ಬರ? ಮಗ್ಗದ ಮೇಲೆ ಕೆಂಪು ಸೀರೆ, ಗಳಕ್ಕೆ ಒಣಹಾಕಿದ ಕೆಂಪು ನೂಲು, ಎಲ್ಲರ ಉಗುರಿನ ಸಂದಿಯಲ್ಲಿ ಕೆಂಪು. ಬಣ್ಣದ ನೂಲು ಬಾಯಿಗೆ ಹಾಕಿಕೊಂಡಿದ್ದಾಳೆ ಎಂದು ನಾನು ಅವಳ ಬೆನ್ನಿಗೆ ಒಂದು ಗುದ್ದಿದೆ. ಅವಳು ಕೆಮ್ಮಿದಳು. ಗುದ್ದಿದ್ದು ಎಲ್ಲಿಗೆ ಎಂಬುದು ಈಗ ನೆನಪಾದರೆ ಕೈ ಕತ್ತರಿಸಿಕೊಳ್ಳಬೇಕು ಅನಿಸುತ್ತದೆ.

ಆಮೇಲೆ ನೀವು ಹಾಸಿಗೆ ಹಿಡಿದಿರಿ. ರಾಜ್ಯ ಬರುತ್ತದೆ, ಬಂದೇಬಿಟ್ಟಿತು ಎಂದು ಬಜಾರಿನಲ್ಲಿ ಜನ ಕುಣಿಯುತ್ತಿದ್ದ ಚಳಿಗಾಲ. ನಿಮ್ಮ ಮಗ ಬಂದು ಹೇಳಿದರೆ ನೀವು, “ನಿಜಾಮಂದು ನೋಡಿದೆ, ಆಂಧ್ರಾದ್ದು ನೋಡಿದೆ. ಇದನ್ನ ನೀವ ನೋಡ್ರಪ್ಪ,” ಅಂದಿರಿ. ಕೊನೆಯ ದಿನ ನನ್ನನ್ನು ಹತ್ತಿರ ಕರೆದಿರಿ. ಬೈಯಲು ಏನೋ ಉಳಿದಿರಬೇಕು ಎಂದುಕೊಂಡು ಬಂದೆ.

“ಈರಿ, ಪಾರುನ ಬೆನ್ನ ಮ್ಯಾಲ ಕೈ ಇಟ್ಟು ನೋಡ್ತಿರು. ಇನ್ನ ನನಗ ಇಡಾಕ ಆಗಂಗಿಲ್ಲ.”

ಮೊಮ್ಮಗಳನ್ನು ಪ್ರೀತಿಯಿಂದ ನೋಡಿಕೋ ಎಂದು ಹೇಳುತ್ತಿದ್ದೀರಿ ಅಂದುಕೊಂಡೆ. ಆಯಿತು ಅತ್ತಿ, ಅಂದೆ. ನಿಮ್ಮನ್ನು ಕೂರಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ನಿಮ್ಮ ಲಿಂಗ ಇಟ್ಟು ಕಳಿಸಿಕೊಟ್ಟರು. ಪಾರು ಸಮಾಧಿಯ ಕುಣಿಯನ್ನು ನೋಡಿ, ಅಜ್ಜಿ ಮಗ್ಗಕ್ಕೆ ಕೂತಳಾ ಎಂದು ಕೇಳಿದಳು.

ನೀವು ಹೋದ ತಿಂಗಳಿಗೆ ಅವಳಿಗೆ ನಾನು ನೀರು ಹಾಕುತ್ತಿದ್ದೆ. ಆ ಮಾತು ತಲೆಯಲ್ಲಿತ್ತೋ ಇಲ್ಲವೋ, ಅಂಗೈ ತಾನಾಗಿ ಅವಳ ಬೆನ್ನ ಮೇಲೆ ಹೋಯಿತು. ಬಲಕ್ಕೆ ಉಸಿರು ಬಡಿಯಿತು. ಎಡಕ್ಕೆ ಸರಿಸಿದೆ. ಕೆಳಗೆ ಸರಿಸಿದೆ. ಅಲ್ಲಿ ಏನೂ ಇರಲಿಲ್ಲ, ಅತ್ತಿ. ಬಿಸಿನೀರಲ್ಲಿ ನಿಂತ ಕೂಸಿನ ಬೆನ್ನು, ನನ್ನ ಕೈಯಡಿಯಲ್ಲಿ ಗೋಡೆ ಮುಟ್ಟಿದ ಹಾಗೆ. ಅಷ್ಟರಲ್ಲಿ ಅವಳು ಕೆಮ್ಮಿ ಬಚ್ಚಲ ಕಲ್ಲಿನ ಮೇಲೆ ಉಗುಳಿದಳು. ಕೆಂಪು.

ಆ ತಿಂಗಳು ನಮ್ಮ ಮಗ್ಗದ ಮೇಲಿದ್ದದ್ದು ಹಳದಿ ಹಾಸು. ಅಂಚು ಹಸಿರು. ಮನೆಯಲ್ಲಿ ಒಂದೆಳೆ ಕೆಂಪು ನೂಲಿರಲಿಲ್ಲ.

ಒದ್ದೆ ಕೈಯಲ್ಲೇ ಟ್ರಂಕು ತೆಗೆದು ತಳದಿಂದ ಕವರು ಎಳೆದೆ. ಕಾಗದವನ್ನು ಮಾತ್ರ ಬೇರೆ ತೆಗೆದು ನನ್ನ ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟೆ. ಯಾಕೆ ಇಟ್ಟೆ? ಆಗ ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಫಿಲ್ಮುಗಳನ್ನು ಮಾತ್ರ ತೆಗೆದುಕೊಂಡು ಹೋದೆವು.

ಈ ಸಲ ಸ್ಕ್ಯಾನ್ ಆಯಿತು. ಮಕ್ಕಳ ಆಪರೇಷನ್ ಮಾಡುವ ಒಬ್ಬ ಹೆಣ್ಣು ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು. ಹುಟ್ಟುವಾಗಲೇ ಪಾರುವಿನ ಶ್ವಾಸಕೋಶದ ಒಂದು ತುಂಡು ಬೇರೆಯಾಗಿ ಬೆಳೆದಿದೆ. ಅದಕ್ಕೆ ಉಸಿರಿನ ದಾರಿ ಇಲ್ಲ. ರಕ್ತ ಮಾತ್ರ ಬೆನ್ನುಮೂಳೆಯ ಪಕ್ಕದ ದೊಡ್ಡ ನಾಳದಿಂದ ನೇರವಾಗಿ ಎಳೆದುಕೊಳ್ಳುತ್ತದೆ. ಒಳಗೆ ಕೀವು ಕಟ್ಟುತ್ತದೆ, ಜ್ವರ ಬರುತ್ತದೆ, ಮತ್ತೆ ಕಟ್ಟುತ್ತದೆ. ಅವರು ಹೇಳುತ್ತಿದ್ದರೆ ನನಗೆ ಅವಳ ಜೊತೆಗೇ ನನ್ನ ಹೊಟ್ಟೆಯಲ್ಲಿ ಇನ್ನೊಂದು ಏನೋ ಬೆಳೆದಿತ್ತು, ಅವಳನ್ನು ಒಳಗಿಂದಲೇ ಕುಡಿಯುತ್ತಿತ್ತು ಅನಿಸಿತು.

ಆಮೇಲೆ ಅವರು ಗದ್ವಾಲದ ಫಿಲ್ಮು ತೆಗೆದು ಸ್ಕ್ಯಾನಿನ ಪಕ್ಕಕ್ಕೆ ಹಿಡಿದರು. ಬಿಳಿ ಮಚ್ಚೆಯ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದರು. ನಿಮ್ಮ ಮಗ ಲಿಂಗದ ಕಥೆ ಹೇಳಿದರು. ಅವರು ನಗಲಿಲ್ಲ. ಕಾಯಿಲೆ ಇರುವುದು ಸರಿಯಾಗಿ ಇದರ ಕೆಳಗೇ, ಅಂದರು.

ಸರಿಯಾಗಿ ಇದರ ಕೆಳಗೇ. ಅತ್ತಿ, ಅಷ್ಟಗಲದ ಬೆನ್ನಿನಲ್ಲಿ ನೀವು ಅಲ್ಲಿಗೇ ಯಾಕೆ ಕಟ್ಟಿದಿರಿ? ನನಗೆ ಗೊತ್ತು. ಉಸಿರು ಹತ್ತದ ಜಾಗ ಅದೇ ಎಂದು ನಿಮ್ಮ ಅಂಗೈಗೆ ಗೊತ್ತಿತ್ತು. ಕಾಯಬೇಕಾದದ್ದು ಅಲ್ಲಿಯೇ ಎಂದು ಅಲ್ಲಿಗೇ ಕಟ್ಟಿದಿರಿ. ಆ ಕಾಯಿಲೆಯನ್ನು ಎಲ್ಲರಿಗಿಂತ ಮೊದಲು ಕಂಡವರು ನೀವು. ನೀವು ಕಂಡದ್ದನ್ನು ಆ ಲಿಂಗದಿಂದ ಮುಚ್ಚಿದ್ದೂ ನೀವೇ, ಪಾಪ, ಅದು ನಿಮಗೆ ತಿಳಿಯಲಿಲ್ಲ.

“ಇಂತ ಲೇಟುಗಾ ಎಂದುಕು ತೆಚ್ಚಿನ್ರಮ್ಮಾ?” ಎಂದು ಆ ಡಾಕ್ಟರು ನನ್ನನ್ನು ಕೇಳಿದರು. ಇಷ್ಟು ತಡವಾಗಿ ಯಾಕೆ ತಂದಿರಿ? ಎರಡು ವರ್ಷ ಮೊದಲೇ ಬಂದಿದ್ದರೆ ಸಲೀಸಾಗುತ್ತಿತ್ತು, ಈಗ ಮತ್ತೆ ಮತ್ತೆ ಕೀವಾಗಿ ಎಲ್ಲ ಒಂದಕ್ಕೊಂದು ಅಂಟಿಕೊಂಡಿದೆ ಅಂದರು.

ಆಗ ನಾನು ಹೇಳಿದ್ದು ಕೇಳಿ. “ನಮ್ಮ ಅತ್ತೆ ಮುಚ್ಚಿಟ್ಟರು ಮೇಡಂ,” ಅಂದೆ. ಅಷ್ಟೇ ಅಂದೆ. ಆರು ವಾರದ ಮಾತು ಎತ್ತಲಿಲ್ಲ. ನಿಮ್ಮ ಮಗ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದರು. ನೀವು ಮಣ್ಣಿನೊಳಗೆ ಕೂತಿದ್ದಿರಿ.

ಎರಡು ಸಲ ಅಲ್ಲೇ ಇಟ್ಟುಕೊಂಡು ಕೀವಿಗೆ ಔಷಧಿ ಕೊಟ್ಟರು. ಆಮೇಲೆ ಆಪರೇಷನ್. ಎದೆ ಸೀಳುವುದಿಲ್ಲ, ಪಕ್ಕೆಯಲ್ಲಿ ಮೂರು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ, ಎರಡರಲ್ಲಿ ಕಡ್ಡಿಯಂಥ ಸಲಕರಣೆ ಎಂದರು. ಕೈ ಇಲ್ಲಿ, ಕಣ್ಣು ಟಿವಿಯ ಮೇಲೆ. ಮಗ್ಗದ ಅಡಿಗೆ ಕನ್ನಡಿ ಹಿಡಿದು ಸೆರಗಿನ ಬುಟ್ಟಾ ನೋಡಿಕೊಳ್ಳುತ್ತಿದ್ದಿರಲ್ಲ, ಹಾಗೆ ಇರಬೇಕು ಅಂದುಕೊಂಡೆ. ಆದರೆ ಸಹಿ ಹಾಕಿಸಿಕೊಳ್ಳುವಾಗ ಇನ್ನೂ ಒಂದು ಹೇಳಿದರು. ಆ ತುಂಡಿಗೆ ರಕ್ತ ಕೊಡುವ ನಾಳವನ್ನು ಮೊದಲು ಬಿಗಿದು ಆಮೇಲೆ ಕತ್ತರಿಸಬೇಕು. ಅದು ಕೈತಪ್ಪಿದರೆ ನಿಮಿಷದಲ್ಲಿ ಎದೆ ತುಂಬುತ್ತದೆ, ಆಗ ಅಲ್ಲೇ ಎದೆ ತೆರೆಯಬೇಕಾಗುತ್ತದೆ, ಮತ್ತು… ಆ ‘ಮತ್ತು’ವಿನ ಮುಂದೆ ಅವರು ಹೇಳಲಿಲ್ಲ. ನಿಮ್ಮ ಮಗ ಸಹಿ ಹಾಕಿದರು. ಅವರ ಸಹಿ ಅಷ್ಟು ಡೊಂಕಾಗಿದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ರಾಜ್ಯ ಹುಟ್ಟಿದ ವಾರ ಅದು. ಹೊರಗೆ ಹಗಲಲ್ಲೇ ಪಟಾಕಿ, ಡೋಲು, ಗುಲಾಲು. ಬಾಗಿಲ ಬಳಿ ಪಾರುವಿನ ಕೊರಳಿಂದ ಲಿಂಗ ತೆಗೆಯಬೇಕಾಯಿತು. ಈ ಸಲ ನನ್ನ ಬೆರಳಿಗೆ ಗಂಟು ಬಿಚ್ಚಲು ಬರಲಿಲ್ಲ. “ಅವ್ವಾ, ಅಜ್ಜಿ ಬೈತಾಳ,” ಅಂದಳು ಅವಳು. “ಬೈಯಂಗಿಲ್ಲ, ನಾ ಹಿಡ್ಕೊಂಡಿರ್ತೀನಿ,” ಅಂದೆ. ಗಾಲಿ ಮಂಚ ಒಳಗೆ ಹೋಯಿತು. ಅಂಗದ ಮೇಲಿಂದ ಲಿಂಗ ಇಳಿದರೆ ಜೀವ ಇಳಿದಂತೆ ಎಂದು ನೀವು ಹೇಳಿದ್ದನ್ನು ನಾನು ಜನ್ಮದಲ್ಲಿ ಮೊದಲ ಸಲ ನಂಬಿದೆ, ನಂಬಿ ಹೆದರಿದೆ.

ಎಷ್ಟು ಹೊತ್ತು ಕೂತೆವೋ. ಒಬ್ಬ ನರ್ಸು ಓಡುತ್ತ ಹೊರಗೆ ಬಂದಳು, ರಕ್ತದ ಚೀಲ ಹಿಡಿದು ಓಡುತ್ತ ಒಳಗೆ ಹೋದಳು. ನಮ್ಮ ಮುಖ ನೋಡಲಿಲ್ಲ. ಹೊರಗೆ ಯಾರೋ ಸರಪಟಾಕಿ ಹಚ್ಚಿದರು. ಅದು ಮುಗಿಯುವುದೇ ಇಲ್ಲವೇನೋ ಎಂಬಷ್ಟು ಹೊತ್ತು ಸಿಡಿಯಿತು. ನಿಮ್ಮ ಮಗ ನೆಲ ನೋಡುತ್ತ, “ಅವತ್ತ ಅವ್ವ ಆ ಲಿಂಗ ತಗದಿದ್ರ…” ಅಂದರು.

“ಹೂಂ,” ಅಂದೆ ನಾನು.

ಆ ಹೂಂ ಅಂದಾಗ ನಿಮ್ಮ ಮೊಮ್ಮಗಳ ಲಿಂಗ ನನ್ನ ಮುಷ್ಟಿಯೊಳಗೆ ಇತ್ತು.

ಡಾಕ್ಟರು ಹೊರಗೆ ಬಂದಾಗ ನಾನು ಅವರ ಬಾಯಿ ನೋಡಲಿಲ್ಲ, ಕೈ ನೋಡಿದೆ. ಅಂಟಿಕೊಂಡದ್ದನ್ನು ಬಿಡಿಸುವಾಗ ರಕ್ತ ಹೋಯಿತಂತೆ, ಆದರೆ ನಾಳ ಸಿಕ್ಕಿತಂತೆ, ಬಿಗಿದರಂತೆ. ಎದೆ ತೆರೆಯಬೇಕಾಗಿ ಬರಲಿಲ್ಲ. ಮೂರು ತೂತು ಮೂರೇ ಉಳಿದವು, ಒಂದೊಂದೂ ತೊಗರಿಕಾಳಿಗಿಂತ ಒಂಚೂರು ದೊಡ್ಡದು. ಪಕ್ಕೆಯಿಂದ ಒಂದು ನಳಿಕೆ ಬಾಟಲಿಗೆ ಇಳಿಬಿಟ್ಟಿದ್ದರು, ಅವಳು ಅತ್ತಾಗಲೆಲ್ಲ ಅದರಲ್ಲಿ ಗುಳ್ಳೆ ಏಳುತ್ತಿದ್ದವು. ಒಂದು ವಾರಕ್ಕೆ ಅವಳು ಬಲೂನು ಊದಿ ನರ್ಸಿನ ಮುಖದ ಮೇಲೆ ಬಿಟ್ಟಳು. ನಿಮ್ಮ ಮೊಮ್ಮಗಳೇ, ಅನುಮಾನವಿಲ್ಲ.

ಕೂಸು ಉಳಿದ ಮೇಲೆ ಕಥೆಯನ್ನು ಸರಿಮಾಡಬಹುದಿತ್ತು. ಮಾಡಲಿಲ್ಲ. ಮೊದಲ ಸ್ಮರಣೆಯ ದಿನ ನಿಮ್ಮ ಮಗ ಆ ಕಥೆ ಹೇಳಿದರು. ಬಸ್ಸಿನಲ್ಲಿ ನಾನು ಹೇಳಿದ್ದು ನಗುವ ಕಥೆ, ಅವರು ಹೇಳಿದ್ದು ಮೈ ನಡುಗುವ ಕಥೆ. ಎರಡರಲ್ಲೂ ತಪ್ಪು ನಿಮ್ಮದೇ. ಎರಡನೇ ವರ್ಷ ಶಾಂತಕ್ಕ, ನಮ್ಮವ್ವ ಸತ್ತು ಪಾಪ ಕಳೆದುಕೊಂಡಳು ಅಂದಳು. ಮೂರನೇ ವರ್ಷ ಪಾರು ನನ್ನ ಸೆರಗು ಎಳೆದು, “ಅಜ್ಜಿಗೆ ನಾ ಅಂದ್ರ ಆಗ್ತಿದ್ದಿಲ್ಲೇನವ್ವ?” ಎಂದು ಕೇಳಿದಳು. ಅವತ್ತಿನಿಂದ ನನಗೆ ನಿಮ್ಮ ಫೋಟೋ ಒರೆಸಲು ಧೈರ್ಯ ಬರುತ್ತಿಲ್ಲ.

ಇವತ್ತು ಮುಂಜಾನೆ ಮದುವೆ ಸೀರೆಯ ಮಡಿಕೆಯಿಂದ ಆ ಕಾಗದ ತೆಗೆದೆ. ನಿಮ್ಮ ಮಗ ಮಗ್ಗದ ಕುಣಿಯಲ್ಲಿ ಕೂತಿದ್ದರು. ನೇಯ್ದ ಬಟ್ಟೆಯ ಮೇಲೆ, ಅವರ ಕೈಯ ಮುಂದೆ ಇಟ್ಟೆ. ಬೈಯಲಿ, ಹೊಡೆಯಲಿ, ಏನಾದರೂ ಆಗಲಿ ಎಂದು ನಿಂತೆ.

“ಇದನ್ನ ನೋಡ್ರಿ,” ಅಂದೆ.

ಅವರು ಅದನ್ನು ಮುಟ್ಟಲೂ ಇಲ್ಲ. “ನೋಡೀನಿ,” ಅಂದರು.

“ಯಾವಾಗ?”

“ಅವತ್ತ. ಬಸ್ಸಿನಾಗ. ನೀ ಎಲ್ಲಾರಿಗೂ ಕಥಿ ಹೇಳಿ ನಗಸಾಕ ಹತ್ತಿದ್ದಿ. ನಾ ಕವರ್ ತಗದು ಓದಿದೆ.”

“ಮತ್ತ ಯಾಕ ಸುಮ್ನ ಕುಂತ್ರಿ?”

“ಕೂಸಿನ ನರದಾಗ ಏನೋ ಔಷಧ ಬಿಟ್ಟು ಫೋಟೋ ತಗೀತಾರಂತ ಕೇಳಿದ್ದೆ. ಅಂಜಿಕಿ ಬಂತು. ನೀನರ ನೆಪ್ಪ ಮಾಡ್ತಿ ಅಂತ ಕಾದೆ. ನೀ ಮಾಡಲಿಲ್ಲ. ಆಮ್ಯಾಲ… ಆಮ್ಯಾಲ ಹೇಳಾಕ ಬಾಯಿ ಬರಲಿಲ್ಲ.”

“ಮತ್ತ ವರ್ಷಾ ವರ್ಷಾ ಮಂದಿ ಮುಂದ ಅವ್ವನ ಹೆಸರು ಯಾಕ ಹೇಳ್ತಿದ್ರಿ?”

ಅವರು ಲಾಳಿಯನ್ನು ಬಹಳ ಹೊತ್ತು ಕೈಯಲ್ಲೇ ತಿರುಗಿಸಿದರು.

“ಅವ್ವ ಬೈಯಂಗಿಲ್ಲಲ,” ಅಂದರು.

ಸಿಟ್ಟು ಬಂತು, ಅತ್ತಿ. ಹಾಳಾದವನೇ ಅನ್ನಬೇಕು ಅನಿಸಿತು. ಯಾವ ಬಾಯಿಂದ ಅನ್ನಲಿ? ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಕಾಗದವನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು, ಇಷ್ಟು ವರ್ಷ ನಿಮ್ಮ ಬೆನ್ನ ಹಿಂದೆ ಅಡಗಿ ಕೂತಿದ್ದೇವೆ. ಅವರು ಅತ್ತರು. ನಾನೂ ಅತ್ತೆ. ಹಳದಿ ಬಟ್ಟೆಯ ಮೇಲೆ ಬೀಳಬಾರದೆಂದು ಕಾಗದವನ್ನೇ ಅಡ್ಡ ಹಿಡಿದೆ.

ನಾಳೆ ಆ ಕಾಗದ ನಿಮ್ಮ ಫೋಟೋದ ಮುಂದೆ, ಹೋಳಿಗೆಯ ಎಲೆಯ ಪಕ್ಕದಲ್ಲಿ ಇರುತ್ತದೆ. ಶಾಂತಕ್ಕ, ಅಣ್ಣ, ಓಣಿಯವರು ಎಲ್ಲರೂ ಕೂತ ಮೇಲೆ ನಿಮ್ಮ ಮಗ ಅದನ್ನು ಓದಿ ಅರ್ಥ ಹೇಳುತ್ತಾರೆ. ಡಾಕ್ಟರ ಮಾತು ಕಿವಿಯಾರೆ ಕೇಳಿಸಿಕೊಂಡದ್ದು ನಾನು ಎಂದು ನಾನು ಹೇಳುತ್ತೇನೆ. ಪಾರುವನ್ನು ಮುಂದೆ ಕೂರಿಸಿಕೊಂಡೇ ಹೇಳುತ್ತೇನೆ, ನಿನ್ನ ಜಡ್ಡು ಮೊದಲು ಕಂಡದ್ದು ನಿನ್ನ ಅಜ್ಜಿಯ ಅಂಗೈಗೆ ಎಂದು. ಶಾಂತಕ್ಕ ಮನೆ ಹಾರಿಹೋಗುವ ಹಾಗೆ ಕೂಗಾಡುತ್ತಾಳೆ. ಕೂಗಾಡಲಿ, ನಿಮ್ಮ ಮಗಳಲ್ಲವೇ?

ಪಾರುವಿಗೆ ಈಗ ಒಂಬತ್ತು. ತಲೆಗೆ ನಾನೇ ನೀರು ಹಾಕಬೇಕು, ನಾಚಿಕೊಂಡರೂ ಬಿಡುವುದಿಲ್ಲ. ಮೊದಲ ಚೊಂಬು ಹಾಕುವ ಮುನ್ನ ಎಡಬೆನ್ನಿನ ಕೆಳಗೆ ಅಂಗೈ ಇಟ್ಟು ಕಾಯುತ್ತೇನೆ. ಕೆಲವು ದಿನ ಕೂಡಲೇ ಸಿಗುವುದಿಲ್ಲ. ನನ್ನ ಕೈಯೂ ಈಗ ಕಂಡಿಕೆ ಸುತ್ತಿ ಕಲ್ಲಾಗಿದೆಯೋ, ಅಥವಾ… ಆ ಹೊತ್ತಿನಲ್ಲಿ ಬಚ್ಚಲಲ್ಲಿ ನೀರಿನ ಸದ್ದೂ ಇರುವುದಿಲ್ಲ. “ಅವ್ವಾ, ಚಳಿ,” ಅನ್ನುತ್ತಾಳೆ ಅವಳು. ನಾನು ಕೈ ತೆಗೆಯುವುದಿಲ್ಲ.

ಆಮೇಲೆ ಬಡಿಯುತ್ತದೆ, ಅತ್ತಿ. ನಿಮ್ಮ ಕೈಗೆ ಒಂದು ದಿನವೂ ಹತ್ತದ ಆ ಉಸಿರು, ಅದೇ ಜಾಗದಲ್ಲಿ, ನನ್ನ ಅಂಗೈಗೆ ಬಡಿಯುತ್ತದೆ.